ಕಡ್ಡಾಯ ಸೈನಿಕ ಸೇವೆ ಮತ್ತು ವಿದ್ಯಾರ್ಥಿಯ ಮನಸ್ಸು: ಒಂದು ಸಮೀಕ್ಷೆ

ನಿರ್ದಿಷ್ಟ ವಯಸ್ಸಿಗೆ ಬಂದ ಪ್ರಜೆಗಳನ್ನು ಅವರ ಒಪ್ಪಿಗೆಗೆ ಕಾಯದೆ, ಕಾನೂನಿನ ಬಲದಿಂದ, ಗೊತ್ತುಪಡಿಸಿದ ಅವಧಿಗೆ ಸೇನೆಗೆ ಸೇರಿಸಿಕೊಳ್ಳುವ ವ್ಯವಸ್ಥೆಯನ್ನು ಕಡ್ಡಾಯ ಸೈನಿಕ ಸೇವೆ ಎನ್ನಲಾಗುತ್ತದೆ. ಸ್ವತಂತ್ರ ಭಾರತದಲ್ಲಿ ಈ ವ್ಯವಸ್ಥೆ ಎಂದೂ ಜಾರಿಗೆ ಬಂದಿಲ್ಲ. ಜಗತ್ತಿನ ಅತಿ ದೊಡ್ಡ ಸೇನೆಗಳಲ್ಲಿ ಒಂದಾದ ಭಾರತೀಯ ಸೇನೆಯಲ್ಲಿ ಇರುವವರೆಲ್ಲ ತಾವಾಗಿ ಬಂದು ಸೇರಿದವರು. ಹಾಗಿದ್ದರೂ ಕನ್ನಡ ನಾಡಿನ ವಿದ್ಯಾರ್ಥಿಗೆ ಈ ಪ್ರಶ್ನೆ ಅಪರಿಚಿತವೇನಲ್ಲ. 1963ರಿಂದ 1968ರವರೆಗೆ ಕಾಲೇಜು ವಿದ್ಯಾರ್ಥಿಗಳಿಗೆ ಎನ್.ಸಿ.ಸಿ. ಎಂಬ ಸೈನಿಕ ತರಬೇತಿ ಕಡ್ಡಾಯವಾಗಿತ್ತು. 2022ರಲ್ಲಿ ಬಂದ ಅಗ್ನಿಪಥ ಯೋಜನೆ ಕಾನೂನಿನ ದೃಷ್ಟಿಯಲ್ಲಿ ಐಚ್ಛಿಕವೇ ಆದರೂ ಹಳ್ಳಿಯ ಯುವಕರ ಮುಂದಿದ್ದ ದಾರಿಯನ್ನು ಬದಲಿಸಿ ಹಳೆಯ ಚರ್ಚೆಗೆ ಹೊಸ ರೂಪ ಕೊಟ್ಟಿತು. ಇನ್ನು ಸಿಂಗಪುರದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಗಂಡುಮಕ್ಕಳಿಗೆ ಕಡ್ಡಾಯ ಸೇವೆ ಇಂದಿಗೂ ತಪ್ಪಿಸಿಕೊಳ್ಳಲಾಗದ ವಾಸ್ತವ. ದಾವಣಗೆರೆ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಸಾಸ್ವೆಹಳ್ಳಿಯನ್ನೂ ಅದರ ನೆರೆಯ ಚನ್ನಗಿರಿ, ನ್ಯಾಮತಿ ಸೀಮೆಗಳನ್ನೂ ಅದೇ ಜಿಲ್ಲೆಯ ಜಗಳೂರನ್ನೂ ಕಣ್ಣ ಮುಂದಿಟ್ಟುಕೊಂಡು, ಈ ಮೂರು ಸಂದರ್ಭಗಳಲ್ಲಿ ವಿದ್ಯಾರ್ಥಿಯ ಭಾವನೆ ಹೇಗೆ ಹುಟ್ಟಿತು, ಹೇಗೆ ಬದಲಾಯಿತು, ಏಕೆ ಬದಲಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಋಣದಿಂದ ಕಾನೂನಿಗೆ

ಕನ್ನಡ ನಾಡಿನಲ್ಲಿ ಯುದ್ಧಸೇವೆಯನ್ನು ಬಹುಕಾಲ ಕಾನೂನಿನ ಬಾಧ್ಯತೆ ಎನ್ನುವುದಕ್ಕಿಂತ ಋಣವೆಂದು ತಿಳಿಯಲಾಗಿತ್ತು. ಉಂಡ ಅನ್ನಕ್ಕೆ ಪ್ರತಿಯಾಗಿ ಒಡೆಯನ ಪರ ಹೋರಾಡುವುದನ್ನು ಜೋಳವಾಳಿ ಎಂದೂ, ಒಡೆಯನೊಡನೆ ಬಾಳಿ ಅವನೊಡನೆಯೇ ಸಾಯುವ ಪ್ರತಿಜ್ಞೆಯನ್ನು ವೇಳೆವಾಳಿ ಎಂದೂ ಶಾಸನಗಳು, ಕಾವ್ಯಗಳು ಕರೆದಿವೆ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟ ಚನ್ನಗಿರಿ, ಹೊನ್ನಾಳಿ, ಶಿಕಾರಿಪುರ ತಾಲ್ಲೂಕುಗಳ ಶಾಸನಗಳನ್ನು ಒಳಗೊಂಡಿದ್ದು, ತುರುಗಳನ್ನು ಕಾಯುತ್ತ, ಊರನ್ನು ಉಳಿಸುತ್ತ ಮಡಿದವರ ವೀರಗಲ್ಲುಗಳು ಅದರಲ್ಲಿ ಹೇರಳವಾಗಿವೆ. ಮುಂದೆ ಬಸವಾಪಟ್ಟಣ, ಸಂತೆಬೆನ್ನೂರುಗಳ ಪಾಳೆಯಗಾರರ ಕಾಲದಲ್ಲಿ ಸೇವೆಗೆ ಪ್ರತಿಫಲವಾಗಿ ಭೂಮಿ ದೊರೆಯುತ್ತಿತ್ತು. ಮೈಸೂರು ಒಡೆಯರ ಆಡಳಿತದಲ್ಲಿ ಕಂದಾಚಾರ ಎಂಬ ವ್ಯವಸ್ಥೆ ಇದ್ದು, ಹಳ್ಳಿಗಳ ಒಕ್ಕಲು ಜನರಿಂದಲೇ ರೂಪುಗೊಂಡ ಈ ಪಡೆ ಶಾಂತಿಕಾಲದಲ್ಲಿ ಕಾವಲು ಕಾಯುತ್ತ, ಅಗತ್ಯ ಬಿದ್ದಾಗ ಸೇನೆಯಾಗಿ ನಿಲ್ಲುತ್ತಿತ್ತು. ಈ ಎಲ್ಲ ಸಂಬಂಧಗಳಲ್ಲಿ ಸೇವೆ ಮಾಡುವವನಿಗೆ ಯಾರಿಗಾಗಿ, ಯಾವ ಉಪಕಾರಕ್ಕಾಗಿ ತಾನು ಆಯುಧ ಹಿಡಿದಿದ್ದೇನೆ ಎಂಬುದು ಕಣ್ಣಿಗೆ ಕಾಣುತ್ತಿತ್ತು.

ಆಧುನಿಕ ಕಡ್ಡಾಯ ಸೇವೆಯ ಸ್ವರೂಪ ಬೇರೆ. ಅದು ಹುಟ್ಟಿನಿಂದ ಬರುವ ಪೌರತ್ವವನ್ನೇ ಋಣವೆಂದು ಎಣಿಸಿ, ಹದಿನೆಂಟರ ವಯಸ್ಸಿನಲ್ಲಿ ಅದರ ಪಾವತಿಯನ್ನು ಕೇಳುತ್ತದೆ. ಭಾರತದ ನೆಲದಲ್ಲಿ ಇಂಥ ಕಾನೂನು ಮೊದಲು ಬಂದದ್ದು ಭಾರತೀಯರಿಗಾಗಿ ಅಲ್ಲ ಎಂಬುದು ಗಮನಾರ್ಹ: 1917ರ ಭಾರತೀಯ ರಕ್ಷಣಾ ಪಡೆಯ ಕಾಯಿದೆ ಇಲ್ಲಿ ವಾಸಿಸುತ್ತಿದ್ದ ಯುರೋಪಿಯನ್ ಬ್ರಿಟಿಷ್ ಪ್ರಜೆಗಳಿಗೆ ಮಾತ್ರ ಸೇವೆಯನ್ನು ಕಡ್ಡಾಯ ಮಾಡಿತು, ಭಾರತೀಯರಿಗೆ ಅದನ್ನು ಐಚ್ಛಿಕವಾಗಿ ಬಿಟ್ಟಿತು. ಅದೇ ಸಂದರ್ಭದಲ್ಲಿ ಆರಂಭವಾದ ವಿಶ್ವವಿದ್ಯಾಲಯ ಪಡೆಯು 1920ರಲ್ಲಿ ವಿಶ್ವವಿದ್ಯಾಲಯ ತರಬೇತಿ ದಳವಾಗಿ, 1942ರಲ್ಲಿ ಅಧಿಕಾರಿಗಳ ತರಬೇತಿ ದಳವಾಗಿ ಬೆಳೆದು, ಹೃದಯನಾಥ ಕುಂಜ್ರು ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1948ರ ಕಾಯಿದೆಯ ಮೂಲಕ ರಾಷ್ಟ್ರೀಯ ಕೆಡೆಟ್ ಕೋರ್, ಅಂದರೆ ಎನ್.ಸಿ.ಸಿ. ಆಯಿತು. ಕೆಡೆಟ್ ಎಂದರೆ ತರಬೇತಿಯಲ್ಲಿರುವ ವಿದ್ಯಾರ್ಥಿ ಸೈನಿಕ. ಆದರೆ ಈ ಕಾಯಿದೆ ಆತನ ಮೇಲೆ ಯುದ್ಧಕ್ಕೆ ಹೋಗುವ ಬಾಧ್ಯತೆಯನ್ನು ಹೊರಿಸಲಿಲ್ಲ.

ಸಂವಿಧಾನವು ಈ ವಿಷಯದಲ್ಲಿ ಬಾಗಿಲನ್ನು ಮುಚ್ಚಿಲ್ಲ. ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸುವ 23ನೆಯ ವಿಧಿಯ ಎರಡನೆಯ ಉಪವಿಧಿಯು, ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆಯನ್ನು ವಿಧಿಸಲು ರಾಜ್ಯಕ್ಕೆ ಅವಕಾಶ ಕೊಡುತ್ತದೆ. ಜೊತೆಗೆ, ಹಾಗೆ ವಿಧಿಸುವಾಗ ಕೇವಲ ಧರ್ಮ, ಜನಾಂಗ, ಜಾತಿ ಅಥವಾ ವರ್ಗದ ಕಾರಣಕ್ಕೆ ಭೇದ ಮಾಡಕೂಡದು ಎಂಬ ಷರತ್ತನ್ನೂ ಹಾಕುತ್ತದೆ. 1976ರ 42ನೆಯ ತಿದ್ದುಪಡಿಯಿಂದ ಸೇರಿದ 51ಎ ವಿಧಿಯು ಕರೆ ಬಂದಾಗ ದೇಶವನ್ನು ರಕ್ಷಿಸಿ ರಾಷ್ಟ್ರಸೇವೆ ಸಲ್ಲಿಸುವುದನ್ನು ಮೂಲಭೂತ ಕರ್ತವ್ಯಗಳಲ್ಲಿ ಎಣಿಸಿದೆ. ಕಡ್ಡಾಯಕ್ಕೆ ಸಂವಿಧಾನದ ಅನುಮತಿಯೂ ಇದೆ, ಸಮಾನತೆಯ ಷರತ್ತೂ ಇದೆ. ವಿದ್ಯಾರ್ಥಿಯ ಭಾವನೆಯನ್ನು ಅರಿಯಲು ಈ ಷರತ್ತು ಎಷ್ಟು ಮುಖ್ಯವೆಂಬುದು ಮುಂದೆ ಸ್ಪಷ್ಟವಾಗುತ್ತದೆ.

1963ರ ಪ್ರಯೋಗ: ಉತ್ಸಾಹ ಮತ್ತು ಬೇಸರ

1962ರ ಅಕ್ಟೋಬರಿನಲ್ಲಿ ಚೀನಾ ಗಡಿಯಲ್ಲಿ ಆರಂಭವಾದ ಯುದ್ಧ ದೇಶದ ಆತ್ಮವಿಶ್ವಾಸವನ್ನೇ ಅಲುಗಿಸಿತು. ಅದೇ ತಿಂಗಳ 26ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಮರುವರ್ಷ ಕೇಂದ್ರ ಸರ್ಕಾರ ಕಾಲೇಜಿನ ದೃಢಕಾಯ ಗಂಡು ವಿದ್ಯಾರ್ಥಿಗಳಿಗೆ ಎನ್.ಸಿ.ಸಿ. ತರಬೇತಿಯನ್ನು ಕಡ್ಡಾಯಗೊಳಿಸಿತು. ಅದಕ್ಕೆ ಮೊದಲೇ ಚಿಂತನೆಯ ನೆಲ ಹದವಾಗಿತ್ತು: 1959ರಲ್ಲಿ ಸಿ. ಡಿ. ದೇಶಮುಖ್ ಅಧ್ಯಕ್ಷತೆಯ ಸಮಿತಿಯೊಂದು ಪ್ರೌಢಶಾಲೆ ಮುಗಿಸಿದ ವಿದ್ಯಾರ್ಥಿಗಳು ಉನ್ನತ ವ್ಯಾಸಂಗಕ್ಕೆ ಹೋಗುವ ಮುನ್ನ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ಕಡ್ಡಾಯ ರಾಷ್ಟ್ರಸೇವೆ ಮಾಡಬೇಕೆಂದು ಸೂಚಿಸಿತ್ತು. ಆ ಸೂಚನೆ ಕಾಗದದಲ್ಲೇ ಉಳಿಯಿತು, ಯುದ್ಧದ ಆಘಾತದಲ್ಲಿ ಎನ್.ಸಿ.ಸಿ. ಮಾತ್ರ ಕಡ್ಡಾಯವಾಯಿತು.

ಆಗ ಹೊನ್ನಾಳಿ ಮತ್ತು ಚನ್ನಗಿರಿ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಸಾಸ್ವೆಹಳ್ಳಿಯಂತಹ ಊರಿನ ಹುಡುಗ ಪದವಿ ಓದಬೇಕೆಂದರೆ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿಗೋ ದಾವಣಗೆರೆಯ ಕಾಲೇಜಿಗೋ ಹೋಗಿ, ಹಾಸ್ಟೆಲಿನಲ್ಲೋ ನಂಟರ ಮನೆಯಲ್ಲೋ ಉಳಿದು ಓದಬೇಕಾಗಿದ್ದ ಕಾಲ ಅದು. ಅಂಥವನಿಗೆ ಖಾಕಿ ಸಮವಸ್ತ್ರ, ಬೂಟು, ರೈಫಲ್ ಹಿಡಿಯುವ ಅವಕಾಶ, ಶಿಬಿರದ ಊಟ ಇವೆಲ್ಲ ಹೊಸ ಲೋಕವೊಂದರ ಪ್ರವೇಶದಂತಿದ್ದವು. ಸೋತ ಯುದ್ಧದ ನೋವು ಇನ್ನೂ ಹಸಿಯಾಗಿದ್ದುದರಿಂದ ತರಬೇತಿಗೆ ಅರ್ಥವೂ ಇತ್ತು. ಕಡ್ಡಾಯದ ಮೊದಲ ಹಂತದಲ್ಲಿ ವಿದ್ಯಾರ್ಥಿ ವಿರೋಧಿಸುವ ಬದಲು ಹೆಮ್ಮೆ ಪಟ್ಟದ್ದಕ್ಕೆ ಕಾರಣ ಇದೇ.

ಆದರೆ ಭಾವನೆ ಬಹುಕಾಲ ಹಾಗೆ ಉಳಿಯಲಿಲ್ಲ. ಸಂಖ್ಯೆ ಏಕಾಏಕಿ ಹಲವು ಪಟ್ಟು ಹೆಚ್ಚಿದಾಗ ಅದಕ್ಕೆ ತಕ್ಕಷ್ಟು ತರಬೇತಿ ಪಡೆದ ಅಧಿಕಾರಿಗಳು, ಆಯುಧಗಳು, ಸಮವಸ್ತ್ರಗಳು ಒದಗಲಿಲ್ಲ. ಕವಾಯತು ಹಾಜರಿ ಹಾಕುವ ವಿಧಿಯಾಯಿತು. ತಪ್ಪಿಸಿಕೊಳ್ಳಲು ವೈದ್ಯಕೀಯ ಪ್ರಮಾಣಪತ್ರದ ದಾರಿ ತೆರೆಯಿತು. ಮನಸ್ಸಿಲ್ಲದವರ ಗುಂಪಿನಲ್ಲಿ ಮನಸ್ಸಿದ್ದವನ ಹುಮ್ಮಸ್ಸೂ ಕುಂದುವುದು ಸಹಜ. ಭಾಷೆಯ ಪ್ರಶ್ನೆಯೂ ಇದರೊಡನೆ ಬೆರೆಯಿತು: ಸಾವಧಾನ್, ವಿಶ್ರಾಮ್, ತೇಜ್ ಚಲ್ ಮುಂತಾದ ಹಿಂದಿ ಆಜ್ಞೆಗಳು ಹಳ್ಳಿಯ ಕನ್ನಡ ವಿದ್ಯಾರ್ಥಿಗೆ ಬಾಯಿಪಾಠವಾಗಿ ಬಂದರೂ, ನೆರೆಯ ತಮಿಳುನಾಡಿನಲ್ಲಿ 1968ರ ಜನವರಿಯಲ್ಲಿ ಅಲ್ಲಿನ ವಿಧಾನಸಭೆ ಹಿಂದಿ ಆಜ್ಞೆಗಳನ್ನು ಒಪ್ಪದ ನಿರ್ಣಯವನ್ನೇ ಅಂಗೀಕರಿಸುವ ಮಟ್ಟಕ್ಕೆ ಅಸಮಾಧಾನ ಬೆಳೆಯಿತು. ಕುಲಪತಿಗಳು ಮತ್ತು ಶಿಕ್ಷಣ ಸಚಿವರ ಸಮ್ಮೇಳನಗಳು ಕಡ್ಡಾಯದ ಬದಲು ಆಯ್ಕೆಯನ್ನು ಬಯಸಿದವು. 1966ರಲ್ಲಿ ವರದಿ ಸಲ್ಲಿಸಿದ ಕೊಠಾರಿ ಆಯೋಗವು ಸೈನಿಕ ತರಬೇತಿಯೊಂದನ್ನೇ ನೆಚ್ಚದೆ, ಸಮಾಜಸೇವೆಯ ಯಾವುದಾದರೂ ಒಂದು ರೂಪ ಪ್ರತಿಯೊಬ್ಬ ವಿದ್ಯಾರ್ಥಿಯ ಶಿಕ್ಷಣದ ಭಾಗವಾಗಬೇಕೆಂಬ ನಿಲುವನ್ನು ತಳೆಯಿತು. 1968ರಲ್ಲಿ ಎನ್.ಸಿ.ಸಿ. ಮತ್ತೆ ಐಚ್ಛಿಕವಾಯಿತು.

ಮರುವರ್ಷ, 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ಸಂದರ್ಭದಲ್ಲಿ ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. ಅದಕ್ಕೆ ಚಾಲನೆ ಕೊಟ್ಟ ಅಂದಿನ ಕೇಂದ್ರ ಶಿಕ್ಷಣ ಸಚಿವ ವಿ. ಕೆ. ಆರ್. ವಿ. ರಾವ್ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಅರ್ಥಶಾಸ್ತ್ರಜ್ಞರು. ಅಮೆರಿಕದ ತತ್ವಜ್ಞ ವಿಲಿಯಂ ಜೇಮ್ಸ್ 1910ರಲ್ಲಿಯೇ, ಯುದ್ಧವು ಬೆಳೆಸುವ ಶಿಸ್ತು ಮತ್ತು ತ್ಯಾಗಗಳನ್ನು ಯುದ್ಧವಿಲ್ಲದೆ ಬೆಳೆಸಲು ಯುವಕರನ್ನು ಕಠಿಣ ನಾಗರಿಕ ದುಡಿಮೆಗೆ ತೊಡಗಿಸಬೇಕೆಂದು ವಾದಿಸಿದ್ದನು. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಕೆರೆಯ ಹೂಳೆತ್ತಿದ, ಹಳ್ಳಿಯ ರಸ್ತೆಗೆ ಮಣ್ಣು ಹೊತ್ತ ವಿದ್ಯಾರ್ಥಿಗಳ ಕೆಲಸದಲ್ಲಿ ಆ ವಿಚಾರದ ಭಾರತೀಯ ರೂಪವನ್ನು ಕಾಣಬಹುದು.

ಕಡ್ಡಾಯ ಎನ್.ಸಿ.ಸಿ.ಯ ಐದು ವರ್ಷಗಳ ಪ್ರಯೋಗದ ನಂತರ ನಡೆದದ್ದು ಇನ್ನಷ್ಟು ಬೋಧಪ್ರದ. ಕಡ್ಡಾಯವಾಗಿದ್ದಾಗ ಹೊರೆಯಾಗಿ ಕಂಡ ಎನ್.ಸಿ.ಸಿ. ಐಚ್ಛಿಕವಾದ ಮೇಲೆ ಸ್ಪರ್ಧೆಯಿಂದ ಗಳಿಸಬೇಕಾದ ಗೌರವವಾಯಿತು. ಇಂದು ಹದಿನೈದು ಲಕ್ಷಕ್ಕೂ ಹೆಚ್ಚು ಕೆಡೆಟ್‌ಗಳಿರುವ ಈ ಸಂಸ್ಥೆಯಲ್ಲಿ ಸೀಟು ಸಿಗದೆ ನಿರಾಶರಾಗುವವರಿದ್ದಾರೆ. ದೆಹಲಿಯ ಗಣರಾಜ್ಯೋತ್ಸವ ಶಿಬಿರಕ್ಕೆ ಆಯ್ಕೆಯಾಗುವುದು ಕಾಲೇಜಿಗೇ ಕೀರ್ತಿ. ‘ಸಿ’ ಪ್ರಮಾಣಪತ್ರ ಸೇನಾ ನೇಮಕಾತಿಯಲ್ಲಿ ನೆರವಾಗುತ್ತದೆ. ಅದೇ ಕವಾಯತು, ಅದೇ ಬಿಸಿಲು, ಅದೇ ಹಿಂದಿ ಆಜ್ಞೆಗಳ ಬಗ್ಗೆ ವಿದ್ಯಾರ್ಥಿಯ ಭಾವನೆ ತಿರುಗಿದ್ದಕ್ಕೆ ಪ್ರಮುಖ ಕಾರಣ, ಅದನ್ನು ಆರಿಸಿಕೊಳ್ಳುವ ಹಕ್ಕು ಅವನಿಗೆ ಮರಳಿದ್ದು.

ಅಗ್ನಿಪಥ ಮತ್ತು ಹಳ್ಳಿಯ ಆಯ್ಕೆ

2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ ಯೋಜನೆಯಡಿ ಸೇರುವ ಅಗ್ನಿವೀರರು ತರಬೇತಿಯೂ ಸೇರಿ ನಾಲ್ಕು ವರ್ಷ ಸೇವೆ ಸಲ್ಲಿಸುತ್ತಾರೆ. ಅವರಲ್ಲಿ ಗರಿಷ್ಠ ಶೇ. 25 ಮಂದಿ ಮಾತ್ರ ಕಾಯಂ ಸೇವೆಗೆ ಆಯ್ಕೆಯಾಗುತ್ತಾರೆ. ಉಳಿದವರು ಸೇವಾನಿಧಿ ಎಂಬ ಸುಮಾರು 11.71 ಲಕ್ಷ ರೂಪಾಯಿಗಳ ಇಡಿಗಂಟಿನೊಂದಿಗೆ, ಪಿಂಚಣಿಯಿಲ್ಲದೆ ಮನೆಗೆ ಮರಳುತ್ತಾರೆ. ಘೋಷಣೆಯಾದಾಗ ಪ್ರವೇಶದ ವಯಸ್ಸು ಹದಿನೇಳೂವರೆಯಿಂದ 21 ಎಂದಿತ್ತು. ಮೊದಲ ವರ್ಷಕ್ಕೆ ಮಾತ್ರ ಮೇಲ್ಮಿತಿಯನ್ನು 23ಕ್ಕೆ ಏರಿಸಲಾಯಿತು. ಕೋವಿಡ್ ಕಾಲದಲ್ಲಿ ಎರಡು ವರ್ಷ ನೇಮಕಾತಿ ರ‍್ಯಾಲಿಗಳು ನಿಂತಿದ್ದರಿಂದ ವಯಸ್ಸು ಮೀರುವ ಆತಂಕದಲ್ಲಿದ್ದ ಯುವಕರು ದೇಶದ ಹಲವೆಡೆ ಬೀದಿಗಿಳಿದರು. ಧಾರವಾಡದಲ್ಲಿಯೂ ಪ್ರತಿಭಟನೆ ನಡೆದು ಲಾಠಿ ಪ್ರಹಾರವಾಯಿತು. 2023ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ ಯೋಜನೆಯನ್ನು ಎತ್ತಿಹಿಡಿಯಿತು, ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಗಳನ್ನು ತಳ್ಳಿಹಾಕಿತು.

ಇಲ್ಲಿ ವಿದ್ಯಾರ್ಥಿಯ ಅಸಮಾಧಾನದ ದಿಕ್ಕು 1960ರ ದಶಕಕ್ಕಿಂತ ಪೂರ್ತಿ ಭಿನ್ನವಾಗಿರುವುದನ್ನು ಗಮನಿಸಬೇಕು. ಅಂದಿನ ವಿದ್ಯಾರ್ಥಿ ತನ್ನನ್ನು ಬಲವಂತವಾಗಿ ಸೇರಿಸುತ್ತಾರೆಂದು ಬೇಸರಪಟ್ಟ. ಇಂದಿನವನು ತನ್ನನ್ನು ಬೇಗ ಹೊರಗೆ ಕಳಿಸುತ್ತಾರೆಂದು ಕೋಪಗೊಂಡ. ದಾವಣಗೆರೆ ಜಿಲ್ಲೆಯ ಮನೆಗಳಲ್ಲಿ ಇದರ ಅರ್ಥ ಎಲ್ಲರಿಗೂ ಒಂದೇ ಅಲ್ಲ. ಚನ್ನಗಿರಿಯ ಅಡಿಕೆ ತೋಟದ ಅಥವಾ ಭದ್ರಾ ನಾಲೆಯ ಗದ್ದೆಯ ಮನೆಯ ಹುಡುಗನಿಗೆ ಸೇನೆ ಹಲವು ದಾರಿಗಳಲ್ಲಿ ಒಂದು. ಜಗಳೂರಿನ ಮಳೆಯಾಶ್ರಿತ ಹೊಲದ, ಮೆಕ್ಕೆಜೋಳದ ಬೆಲೆಯನ್ನೇ ನಂಬಿದ ಮನೆಯ ಹುಡುಗನಿಗೆ, ಅಥವಾ ದುಡಿಮೆಗಾಗಿ ವಲಸೆ ಹೋಗುವ ತಾಂಡಾದ ಮನೆಯವನಿಗೆ ಅದು ಕೈಗೆಟುಕುವ ಕೆಲವೇ ಸರ್ಕಾರಿ ನೌಕರಿಗಳಲ್ಲಿ ಒಂದು. ಮುಂಜಾನೆ ಶಾಲಾ ಮೈದಾನದಲ್ಲೋ ನಾಲೆಯ ಏರಿಯ ಮೇಲೋ 1.6 ಕಿಲೋಮೀಟರ್ ಓಟವನ್ನು ಐದೂವರೆ ನಿಮಿಷಕ್ಕೆ ಇಳಿಸಲು ತಿಂಗಳುಗಟ್ಟಲೆ ಬೆವರಿಳಿಸುವ ಯುವಕನನ್ನು ಕಾನೂನು ಬಲವಂತ ಮಾಡಿಲ್ಲ. ಆದರೆ ಬಡತನ ಆಯ್ಕೆಗಳನ್ನು ಒಂದೊಂದಾಗಿ ಕಿತ್ತುಕೊಂಡ ಮೇಲೆ ಉಳಿಯುವ ಆಯ್ಕೆಯನ್ನು ಪೂರ್ಣ ಸ್ವಾತಂತ್ರ್ಯವೆಂದು ಕರೆಯುವುದೂ ಕಷ್ಟ.

ಇಂಥ ಯುವಕನಲ್ಲಿ ಹೆಮ್ಮೆ ಮತ್ತು ಭಯ ಒಟ್ಟಿಗೇ ಇರುತ್ತವೆ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಕುಸಿತದಡಿ ಆರು ದಿನ ಉಳಿದು ಜೀವಂತ ಸಿಕ್ಕು, ಕೊನೆಗೆ ದೆಹಲಿಯ ಆಸ್ಪತ್ರೆಯಲ್ಲಿ 11ರಂದು ಕೊನೆಯುಸಿರೆಳೆದಾಗ ಇಡೀ ಕರ್ನಾಟಕ ಕಣ್ಣೀರಿಟ್ಟಿತು. ಆ ದಿನಗಳಲ್ಲಿ ಶಾಲೆಯಲ್ಲಿದ್ದ ಮಕ್ಕಳೇ ಅಗ್ನಿಪಥದ ಅಭ್ಯರ್ಥಿಗಳ ತಲೆಮಾರಿನವರು. ಸೈನಿಕನ ಬದುಕಿನ ಬೆಲೆ ಏನೆಂಬುದು ಅವರಿಗೆ ತಿಳಿದಿದೆ; ತಿಳಿದೂ ಅವರು ಸಾಲಿನಲ್ಲಿ ನಿಲ್ಲುತ್ತಾರೆ. ಹೆಣ್ಣುಮಕ್ಕಳ ಮನಸ್ಸೂ ಈ ಚರ್ಚೆಯ ಒಳಗೆ ಬಂದಿದೆ: 1963ರ ಕಡ್ಡಾಯ ಗಂಡುಮಕ್ಕಳಿಗೆ ಸೀಮಿತವಾಗಿತ್ತು, ಆದರೆ 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಸೇನಾ ಪೊಲೀಸ್ ಕೇಂದ್ರದಿಂದ 83 ಮಹಿಳಾ ಸೈನಿಕರ ಮೊದಲ ತಂಡ ಹೊರಬಂದ ಮೇಲೆ ಹಳ್ಳಿಯ ಹುಡುಗಿಗೂ ಈ ದಾರಿ ಕಾಣತೊಡಗಿದೆ.

ಓದಿನ ಪ್ರಶ್ನೆಯನ್ನು ಸರ್ಕಾರ ಪೂರ್ತಿ ಮರೆತಿಲ್ಲ. ಹತ್ತನೆಯ ತರಗತಿ ಮುಗಿಸಿ ಸೇರಿದ ಅಗ್ನಿವೀರನಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹನ್ನೆರಡನೆಯ ತರಗತಿಯ ಪ್ರಮಾಣಪತ್ರ, ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಮೂಲಕ ಸೇವಾ ತರಬೇತಿಗೂ ಅಂಕ ಕೊಡುವ ಪದವಿ ಇವುಗಳಿಗೆ ವ್ಯವಸ್ಥೆಯಾಗಿದೆ. 2025ರ ನೇಮಕಾತಿಯಿಂದ ಅಗ್ನಿವೀರ ಪ್ರವೇಶ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದಾಗಿದೆ. ತನ್ನ ಭಾಷೆಯಲ್ಲಿ ಪರೀಕ್ಷೆ ಬರೆಯುವ ಅವಕಾಶ ಹೊನ್ನಾಳಿಯ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಸಣ್ಣ ಸಂಗತಿಯಲ್ಲ; ಸೇನೆ ತನ್ನದೂ ಹೌದು ಎಂಬ ಭಾವನೆ ಹುಟ್ಟುವುದು ಇಂಥ ಹೆಜ್ಜೆಗಳಿಂದ.

ಸಿಂಗಪುರದ ಕನ್ನಡ ಮಕ್ಕಳು

ಪದದ ಪೂರ್ಣ ಅರ್ಥದಲ್ಲಿ ಕಡ್ಡಾಯ ಸೇವೆಯನ್ನು ಎದುರಿಸುವ ಕನ್ನಡ ವಿದ್ಯಾರ್ಥಿ ಸಿಂಗಪುರದಲ್ಲಿದ್ದಾನೆ. ಆ ಪುಟ್ಟ ದ್ವೀಪರಾಷ್ಟ್ರ 1965ರಲ್ಲಿ ಸ್ವತಂತ್ರವಾಗಿ, 1967ರಲ್ಲಿ ರಾಷ್ಟ್ರೀಯ ಸೇವೆಯನ್ನು ಜಾರಿಗೆ ತಂದಿತು. ಅಲ್ಲಿನ ಕಾನೂನಿನಂತೆ ಗಂಡು ನಾಗರಿಕರು ಮತ್ತು ಎರಡನೆಯ ತಲೆಮಾರಿನ ಕಾಯಂ ನಿವಾಸಿಗಳು 18ರ ವಯಸ್ಸಿನ ಸುಮಾರಿಗೆ ಎರಡು ವರ್ಷ ಪೂರ್ಣಕಾಲಿಕ ಸೇವೆ ಸಲ್ಲಿಸಬೇಕು, ಆಮೇಲೆಯೂ ಹಲವು ವರ್ಷ ಮೀಸಲು ಪಡೆಯ ತರಬೇತಿಗೆ ಹಾಜರಾಗಬೇಕು. ತಪ್ಪಿಸಿದವರಿಗೆ ದಂಡ ಮತ್ತು ಸೆರೆವಾಸದ ಶಿಕ್ಷೆಯಿದೆ. ಕಾಯಂ ನಿವಾಸಿಗಳೆಂದರೆ ಪೌರತ್ವ ಪಡೆಯದಿದ್ದರೂ ಅಲ್ಲಿ ನೆಲೆಸುವ ಹಕ್ಕು ಪಡೆದವರು. ನೌಕರಿಗಾಗಿ ಬೆಂಗಳೂರಿನಿಂದಲೋ ಶಿವಮೊಗ್ಗದಿಂದಲೋ ಹೋಗಿ ತನ್ನ ವೃತ್ತಿಯ ಬಲದ ಮೇಲೆ ಈ ಹಕ್ಕು ಪಡೆದ ತಂದೆಗೆ ಸೇವೆಯಿಂದ ವಿನಾಯಿತಿ ಇದೆ, ಅವನ ಮೂಲಕ ಅದೇ ಹಕ್ಕು ಪಡೆದ ಮಗನಿಗೆ ಇಲ್ಲ. ತೊಟ್ಟಿಲಲ್ಲಿದ್ದಾಗ ಹಿರಿಯರು ಕೈಗೊಂಡ ನಿರ್ಧಾರದ ಬಾಕಿಯನ್ನು ಹದಿನೆಂಟರಲ್ಲಿ ತೀರಿಸುವವನು ಮಗ; ಹಕ್ಕನ್ನು ಬಿಟ್ಟುಕೊಟ್ಟು ಹೊರಟರೆ ಮುಂದೆ ಅಲ್ಲಿ ಓದಲು ಅಥವಾ ಕೆಲಸ ಮಾಡಲು ಬಯಸಿದಾಗ ಅದು ಅಡ್ಡಿಯಾಗಬಹುದು.

ಅಲ್ಲಿನ ವಿದ್ಯಾರ್ಥಿಯ ಭಾವನೆಗಳು ಸಾಗುವ ದಾರಿಯನ್ನು ಹೀಗೆ ಗುರುತಿಸಬಹುದು: ಸಹಪಾಠಿ ಹುಡುಗಿಯರು ವಿಶ್ವವಿದ್ಯಾಲಯ ಸೇರುವಾಗ ತಾನು ತಲೆ ಬೋಳಿಸಿಕೊಂಡು ಬ್ಯಾರಕ್ ಸೇರಬೇಕೆಂಬ ಅಸಮಾಧಾನ, ಮೊದಲ ವಾರಗಳ ಒಂಟಿತನ, ಜೊತೆಯವರ ಸ್ನೇಹ ಬೆಳೆದಂತೆ ಹೊಂದಾಣಿಕೆ, ಮುಗಿಸಿ ಬಂದಾಗ ಹೆಮ್ಮೆ, ಅದಾದ ಮೇಲೆ, ಕಳೆದ ಎರಡು ವರ್ಷಗಳ ಲೆಕ್ಕ ಹಾಕುವ ಪ್ರೌಢ ವಿಮರ್ಶೆ. ಈ ಪರಿವರ್ತನೆಯನ್ನು ಸಮಾಜಶಾಸ್ತ್ರ ಮತ್ತು ಮನಶ್ಶಾಸ್ತ್ರಗಳು ವಿವರಿಸಿವೆ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1961ರ ತನ್ನ ಗ್ರಂಥದಲ್ಲಿ, ಉಣ್ಣುವುದು, ಮಲಗುವುದು, ದುಡಿಯುವುದು ಎಲ್ಲವೂ ಒಂದೇ ಅಧಿಕಾರದ ಕೆಳಗೆ ನಡೆಯುವ ಬ್ಯಾರಕ್‌ನಂತಹ ಸ್ಥಳಗಳನ್ನು ಸಮಗ್ರ ಸಂಸ್ಥೆಗಳೆಂದು ಕರೆದು, ಅವು ವ್ಯಕ್ತಿಯ ಹಳೆಯ ಗುರುತನ್ನು ಕಳಚಿ ಹೊಸದನ್ನು ತೊಡಿಸುವ ಬಗೆಯನ್ನು ತೋರಿಸಿದನು. 1959ರಲ್ಲಿ ಮನಶ್ಶಾಸ್ತ್ರಜ್ಞರಾದ ಆರನ್‌ಸನ್ ಮತ್ತು ಮಿಲ್ಸ್ ನಡೆಸಿದ ಪ್ರಯೋಗವು, ಗುಂಪೊಂದನ್ನು ಸೇರಲು ಹೆಚ್ಚು ಕಷ್ಟಪಟ್ಟವರು ಆ ಗುಂಪನ್ನು ಹೆಚ್ಚು ಮೆಚ್ಚುತ್ತಾರೆ ಎಂಬುದನ್ನು ಕಂಡುಕೊಂಡಿತು. ಪಟ್ಟ ಪಾಡು ವ್ಯರ್ಥವೆಂದು ಒಪ್ಪಲು ಮನಸ್ಸು ಹಿಂಜರಿಯುವುದೇ ಇದಕ್ಕೆ ಕಾರಣ. ಆದ್ದರಿಂದ ಸೇವೆ ಮುಗಿಸಿದವರ ಮೆಚ್ಚುಗೆಯ ಮಾತು ಪ್ರಾಮಾಣಿಕವಾಗಿದ್ದರೂ, ಅದೊಂದನ್ನೇ ಕಡ್ಡಾಯದ ಸಮರ್ಥನೆಯೆಂದು ತೆಗೆದುಕೊಳ್ಳಲಾಗದು.

ಸಿಂಗಪುರದ ವ್ಯವಸ್ಥೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜನರ ಒಪ್ಪಿಗೆ ಉಳಿಸಿಕೊಂಡಿರುವುದಕ್ಕೆ ಬೇರೆ ಕಾರಣಗಳಿವೆ: ಶ್ರೀಮಂತನ ಮಗನೂ ಬಡವನ ಮಗನೂ ಒಂದೇ ಬ್ಯಾರಕ್‌ನಲ್ಲಿ ಮಲಗುತ್ತಾರೆ, ಅವಧಿ ಮೊದಲೇ ಗೊತ್ತಿರುತ್ತದೆ, ಅಲ್ಲಿನ ವಿಶ್ವವಿದ್ಯಾಲಯಗಳು ಸೇವೆಗೆ ಹೋದವನ ಸೀಟನ್ನು ಕಾದಿರಿಸುತ್ತವೆ. ಇದಕ್ಕೆ ವ್ಯತಿರಿಕ್ತವಾದ ಪಾಠ ಅಮೆರಿಕದ್ದು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಸೇವೆಯನ್ನು ಮುಂದೂಡುವ ಸೌಲಭ್ಯವಿದ್ದುದರಿಂದ ಕಾಲೇಜು ಸೇರಲಾಗದ ಬಡವರ ಮಕ್ಕಳ ಮೇಲೆ ಹೆಚ್ಚು ಭಾರ ಬಿದ್ದಿತು. 1969ರ ಡಿಸೆಂಬರಿನಲ್ಲಿ ಲಾಟರಿ ಪದ್ಧತಿ ತಂದರೂ ಆಕ್ರೋಶ ತಣಿಯದೆ, 1973ರಲ್ಲಿ ಕಡ್ಡಾಯ ಭರ್ತಿ ಕೊನೆಗೊಂಡಿತು. ಬೇರೆ ದೇಶಗಳ ದಾರಿ ಬೇರೆ: ಬ್ರಿಟನ್ 1916ರ ಕಾಯಿದೆಯಲ್ಲಿಯೇ ಆತ್ಮಸಾಕ್ಷಿಯ ನಿರಾಕರಣೆಗೆ, ಅಂದರೆ ಕೊಲ್ಲುವುದು ತಪ್ಪೆಂಬ ನಂಬಿಕೆಯಿಂದ ಆಯುಧ ಹಿಡಿಯಲೊಲ್ಲದವರಿಗೆ, ಮನ್ನಣೆ ನೀಡಿತ್ತು. ಇತ್ತ ಕಡ್ಡಾಯವನ್ನು ಕೈಬಿಟ್ಟಿದ್ದ ಸ್ವೀಡನ್ 2017ರಲ್ಲಿ ಅದನ್ನು ಮರಳಿ ತರಲು ನಿರ್ಧರಿಸಿ, ಈ ಬಾರಿ ಹೆಣ್ಣುಮಕ್ಕಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು.

ತೂಗಿ ನೋಡಿದಾಗ

ಭಾರತದಲ್ಲಿ ಕಡ್ಡಾಯದ ಬೇಡಿಕೆ ಆಗಾಗ ಮರಳಿ ಬರುತ್ತದೆ. 2018ರಲ್ಲಿ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ, ಗೆಜೆಟೆಡ್ ಹುದ್ದೆ ಬಯಸುವವರು ಐದು ವರ್ಷ ಸೈನಿಕ ಸೇವೆ ಸಲ್ಲಿಸುವುದನ್ನು ಕಡ್ಡಾಯ ಮಾಡಬೇಕೆಂದು ಸೂಚಿಸಿತ್ತು. ಯುವಜನರಿಗೆ ಶಿಸ್ತು ಬರುತ್ತದೆ, ಜಾತಿ ಮತ್ತು ಪ್ರದೇಶಗಳ ಗೋಡೆ ಕರಗುತ್ತದೆ, ದೇಶದ ಬಗೆಗಿನ ಮಾತು ಕೃತಿಗೆ ಇಳಿಯುತ್ತದೆ ಎಂಬ ವಾದಗಳಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಪ್ರತಿವರ್ಷ ಹದಿನೆಂಟು ತುಂಬುವ ಕೋಟಿಗಟ್ಟಲೆ ಯುವಜನರಿಗೆ ತರಬೇತಿ ಕೊಡುವ ವೆಚ್ಚವನ್ನು ಹೊರುವುದು ದುಸ್ಸಾಧ್ಯ. ಅವರಲ್ಲಿ ಕೆಲವರನ್ನು ಮಾತ್ರ ಕರೆದರೆ ಸಮಾನತೆ ಉಳಿಯದು. 1963ರಲ್ಲಿ ಕಾಲೇಜು ವಿದ್ಯಾರ್ಥಿಗಳಷ್ಟಕ್ಕೇ ಸೀಮಿತವಾಗಿದ್ದ ಪ್ರಯೋಗವೇ ಅಧಿಕಾರಿಗಳ ಮತ್ತು ಸಲಕರಣೆಗಳ ಕೊರತೆಯಿಂದ ಐದು ವರ್ಷದಲ್ಲಿ ಸೊರಗಿದ್ದನ್ನು ಮರೆಯಬಾರದು.

ಈ ಸಮೀಕ್ಷೆಯಿಂದ ಹೊರಡುವ ತೀರ್ಮಾನ ಸ್ಪಷ್ಟವಾಗಿದೆ. ಸೈನಿಕ ಸೇವೆಯ ಬಗೆಗಿನ ವಿದ್ಯಾರ್ಥಿಯ ಭಾವನೆ ಬದಲಾಗುವುದು ಅವನ ಚಂಚಲತೆಯಿಂದಲ್ಲ. ಸೇವೆಯ ಭಾರ ಎಲ್ಲರ ಮೇಲೂ ಸಮನಾಗಿ ಬಿದ್ದಿದೆಯೇ, ಅದರ ಉದ್ದೇಶ ಅವನಿಗೆ ತಿಳಿಯುವ ಭಾಷೆಯಲ್ಲಿ ತಿಳಿದಿದೆಯೇ, ಅದು ಮುಗಿದ ಮೇಲೆ ಅವನ ಓದಿಗೂ ಬದುಕಿಗೂ ಜಾಗವಿದೆಯೇ ಎಂಬುದನ್ನು ಅವನು ಸರಿಯಾಗಿಯೇ ಅಳೆಯುತ್ತಾನೆ. ಈ ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಸಿಕ್ಕಲ್ಲಿ ಕಷ್ಟದ ಸೇವೆಯೂ ಗೌರವವಾಗುತ್ತದೆ, ಸಿಗದಲ್ಲಿ ಹಗುರವಾದ ಕವಾಯತೂ ಹೊರೆಯಾಗುತ್ತದೆ. ಭಾರತದಂತಹ ದೇಶಕ್ಕೆ ಕಡ್ಡಾಯಕ್ಕಿಂತ ಒಳ್ಳೆಯ ಆಯ್ಕೆಯೇ ಹೆಚ್ಚು ಹಿತಕರ.

ಹಾಗಾಗಿ ಆಯ್ಕೆ ನಿಜವಾದ ಆಯ್ಕೆಯಾಗುವಂತೆ ನೋಡಿಕೊಳ್ಳುವ ಹೊಣೆ ಸರ್ಕಾರದ್ದು ಮತ್ತು ಶಿಕ್ಷಣ ಸಂಸ್ಥೆಗಳದ್ದು. ಎನ್.ಸಿ.ಸಿ. ಘಟಕ ನಗರದ ಕಾಲೇಜುಗಳ ಸೊತ್ತಾಗಿ ಉಳಿಯದೆ ಹೊನ್ನಾಳಿ, ನ್ಯಾಮತಿ, ಜಗಳೂರಿನ ಹೋಬಳಿ ಮಟ್ಟದ ಪದವಿಪೂರ್ವ ಕಾಲೇಜುಗಳಿಗೂ ತಲುಪಬೇಕು. ಅಗ್ನಿಪಥಕ್ಕೆ ಸೇರಲು ಹೊರಟವನಿಗೆ ನಾಲ್ಕು ವರ್ಷದ ನಂತರ ಏನಾಗುತ್ತದೆ ಎಂಬುದನ್ನು ಯಾವುದನ್ನೂ ಮುಚ್ಚಿಡದೆ, ಕನ್ನಡದಲ್ಲಿ ತಿಳಿಸಬೇಕು. 2022ರ ಕೊನೆಯಿಂದ ಸೇನೆ ಸೇರತೊಡಗಿದ ಮೊದಲ ತಂಡದವರು ಸೇವೆ ಮುಗಿಸಿ ಊರಿಗೆ ಮರಳಿದಾಗ ಅವರಿಗೆ ಉದ್ಯೋಗವನ್ನೂ ಓದನ್ನು ಮುಂದುವರಿಸುವ ಅವಕಾಶವನ್ನೂ ಒದಗಿಸಬೇಕು. ದೇಶಕ್ಕಾಗಿ ನಿಲ್ಲಲು ಮುಂದೆ ಬರುವ ವಿದ್ಯಾರ್ಥಿಗೆ ದೇಶ ಕೊಡಬೇಕಾದ ಕನಿಷ್ಠ ಭರವಸೆ ಇಷ್ಟು.